ನೀರು ಹಾಕೋ ಮುಂಚೆ ಹುರೀರಿ: ಡಬ್ಬಿ ರೀಫ್ರೈಡ್ ಬೀನ್ಸ್ ಜೊತೆ ನನ್ನ ಅನುಭವ

ಡಬ್ಬಿಯ ರೀಫ್ರೈಡ್ ಬೀನ್ಸ್ (ಬೇಯಿಸಿ ಮಸೆದ ಕಾಳು) ಇಟ್ಟುಕೊಂಡು ಗಿರಾಕಿ ಮತ್ತೆ ಹುಡುಕಿಕೊಂಡು ಬರುವಂಥ ಟಾಕೊ (ಮಡಚಿದ ಮೆಕ್ಸಿಕನ್ ರೊಟ್ಟಿ ತಿಂಡಿ) ಮಾಡೋಕೆ ಆಗಲ್ಲ ಅಂತ ನನಗೆ ಹೇಳದವರೇ ಇರಲಿಲ್ಲ. ವ್ಯವಹಾರದಲ್ಲಿ ಅರ್ಧ ಪಾಲು ಇರುವ ಭಾವ ಹೇಳಿದರು. ಪಕ್ಕದ ತಿಂಡಿ ಟ್ರೇಲರ್‌ನಲ್ಲಿ ತಮಾಲೆ (ಜೋಳದ ಹಿಟ್ಟಿನ ಕಡುಬು) ಮಾರುವ, ಮೆಕ್ಸಿಕೋದ ಸಿನಲೋವಾ ಕಡೆಯ ಅಜ್ಜಿಯಂತೂ ಡಬ್ಬಿ ನೋಡಿದಾಗಲೆಲ್ಲ "ಇದು ಬೀನ್ಸಾ, ಮಿಹೋ (ಮಗನೇ)?" ಅಂತ ಮೂಗು ಮುರಿಯುತ್ತಿದ್ದರು. ಈಗ ನಮ್ಮ ಬೆಳಗಿನ ಮಾರಾಟದಲ್ಲಿ ಬೀನ್ಸ್-ಚೀಸ್ ಟಾಕೊನೇ ಮುಂದಿದೆ, ಮೊಟ್ಟೆ-ಆಲೂಗಡ್ಡೆ ಎರಡನೆಯದು. ಟ್ರೇಲರ್, ಸಣ್ಣ ಕೇಟರಿಂಗ್ ನಡೆಸುವವರಿಗೆ ಅಂತಲೇ ಇದನ್ನು ಬರೆಯುತ್ತಿದ್ದೇನೆ. ಗ್ರಿಡಲ್ ಅಂದರೆ ದೊಡ್ಡ ಚಪ್ಪಟೆ ಹಂಚು, ಸ್ಟೀಮ್ ಟೇಬಲ್ ಅಂದರೆ ಅಡುಗೆಯನ್ನು ಹಬೆಯಲ್ಲಿ ಬಿಸಿಯಾಗಿಡೋ ಮೇಜು, ಅದಕ್ಕಿಂತ ಹೆಚ್ಚು ವಿವರಿಸುತ್ತಾ ಕೂರಲ್ಲ.

ಮೊದಲು ದುಡ್ಡಿನ ಮಾತು. "ಒಣ ಪಿಂಟೋ ಕಾಳು ತಂದು ಬೇಯಿಸಿಕೊಳ್ಳಬಾರದಾ" ಅನ್ನೋ ಪ್ರಶ್ನೆ ಬಂದೇ ಬರುತ್ತೆ. ಐವತ್ತು ಪೌಂಡ್ ಮೂಟೆ ನಲವತ್ತು ಡಾಲರ್ ಆಸುಪಾಸು. ನಂಬರ್ 10 ಅನ್ನೋ ದೊಡ್ಡ ಡಬ್ಬಿಯಲ್ಲಿ ಹೆಚ್ಚುಕಮ್ಮಿ ಏಳು ಪೌಂಡ್ ಮಾಲು, ಅಷ್ಟನ್ನು ಒಣ ಕಾಳಿನಿಂದ ಮಾಡಿಕೊಂಡರೆ ಕಾಳಿನ ಖರ್ಚು ಎರಡು ಡಾಲರ್ ಚಿಲ್ಲರೆ. ಡಬ್ಬಿಗೆ ನಾನು ಕೊಡೋದು ಒಂಬತ್ತರ ಹತ್ತಿರ. ಕಾಗದದ ಮೇಲೆ ಡಬ್ಬಿ ಸೋತಿತು. ಆದರೆ ಟೆಕ್ಸಸ್‌ನ ಆಸ್ಟಿನ್‌ನಲ್ಲಿ ಟ್ರೇಲರ್ ಇಟ್ಟವರಿಗೆ ಕಮಿಸರಿ (ಬಾಡಿಗೆಗೆ ಸಿಗೋ ಹಂಚಿಕೆಯ) ಅಡುಗೆಮನೆಯ ಬಾಡಿಗೆ ಏನು ಅಂತ ಗೊತ್ತು. ನನಗೆ ಗಂಟೆಗೆ ಇಪ್ಪತ್ತು ಬೀಳುತ್ತೆ. ಕಾಳು ಬೇಯೋಕೆ, ಮಸೆಯೋಕೆ, ತಣಿಸೋಕೆ, ತೊಳೆಯೋಕೆ ಅಂತ ಮೂರು ಗಂಟೆ ಹಿಡಿದರೆ ದಿನಕ್ಕೆ ಎರಡು ಡಬ್ಬಿ ಖರ್ಚಾಗುವ ನನ್ನಂಥವನಿಗೆ ಗಿಟ್ಟೋದೇ ಇಲ್ಲ. ದಿನಕ್ಕೆ ಹತ್ತು ಡಬ್ಬಿಯಷ್ಟು ಓಡಿಸುವವರು ಕಾಳನ್ನೇ ಬೇಯಿಸಿಕೊಳ್ಳಿ, ಈ ಬರಹ ನಿಮಗಲ್ಲ.

ಈಗ ಕೈ ಸುಟ್ಟ ಕಥೆಗಳು. ಎಲ್ಲರೂ ಮಾಡೋ ಥರ ಪಾತ್ರೆಗೆ ಸುರಿದು, ಒಂದಿಷ್ಟು ನೀರು ಬೆರೆಸಿ, ಸಣ್ಣ ಉರಿಯಲ್ಲಿ ಕೈಯಾಡಿಸುತ್ತಾ ಬಿಸಿ ಮಾಡಿದೆ. ಬಿಸಿಯೂ ಆಯಿತು, ನಯವೂ ಆಯಿತು, ಡಬ್ಬಿ ವಾಸನೆ ಮಾತ್ರ ಕದಲಲಿಲ್ಲ. ಅದು ತಗಡಿನ ವಾಸನೆ ಅಂತ ನಮ್ಮಲ್ಲಿ ಬಹಳ ಜನ ತಿಳಿದಿದ್ದಾರೆ. ನನ್ನ ಪ್ರಕಾರ ಅದು ಮುಚ್ಚಿದ ಡಬ್ಬಿಯೊಳಗೇ 120 ಡಿಗ್ರಿ ಸೆಲ್ಸಿಯಸ್ ಆಚೀಚೆ ಒತ್ತಡದಲ್ಲಿ ಬೆಂದ ಕಾಳಿನ ವಾಸನೆ. ಹಬೆ ಹೊರಗೆ ಹೋಗೋಕೆ ದಾರಿಯೇ ಇಲ್ಲದೆ ಬೆಂದದ್ದು ಅದು. ಅದಕ್ಕೆ ಮತ್ತೆ ನೀರು ಹಾಕಿ ಕುದಿಸಿದರೆ ವಾಸನೆ ತೆಳ್ಳಗಾಗುತ್ತೆ, ಹೋಗಲ್ಲ. ಗಿರಾಕಿಗಳು ಬಾಯಿಬಿಟ್ಟು ಏನೂ ಅನ್ನಲ್ಲ. ಫಾಯಿಲ್ ಬಿಚ್ಚಿ, ಚೀಸ್ ಇರೋ ಅರ್ಧ ತಿಂದು, ಬೀನ್ಸ್ ಇರೋ ಅರ್ಧವನ್ನು ಹಾಗೇ ಮಡಚಿ ಬುಟ್ಟಿಗೆ ಎಸೆಯುತ್ತಾರೆ. ಆ ಬುಟ್ಟಿ ಖಾಲಿ ಮಾಡುತ್ತಿದ್ದವನು ನಾನೇ ಆದ್ದರಿಂದ ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ.

ತೆಳು ತಳದ ಅಲ್ಯೂಮಿನಿಯಂ ಪಾತ್ರೆ ಇನ್ನೊಂದು ನಷ್ಟ. ಬೀನ್ಸ್ ಗಟ್ಟಿ ಇರುವಾಗ ಬಿಸಿ ಮೇಲಕ್ಕೆ ಹತ್ತಲ್ಲ, ತಳದಲ್ಲೇ ನಿಂತು ಸೀಯುತ್ತೆ. ಮೇಲ್ಗಡೆ ಮುಟ್ಟಿದರೆ ಉಗುರುಬೆಚ್ಚಗೂ ಇರಲ್ಲ. ಸೀದ ವಾಸನೆ ಒಂದು ಸಲ ಒಳಗೆ ಹೊಕ್ಕರೆ ಏಳು ಪೌಂಡೂ ಕಸದ ಬುಟ್ಟಿಗೆ. ಡಬ್ಬಿಯಿಂದ ನೇರ ಸ್ಟೀಮ್ ಟೇಬಲ್‌ಗೆ ಸುರಿಯೋ ಅಭ್ಯಾಸ ಇರೋರಿಗೆ ಒಂದು ಮಾತು: ಸ್ಟೀಮ್ ಟೇಬಲ್ ಬಿಸಿ ಹಿಡಿದಿಡೋಕೆ ಇರೋದು, ಬಿಸಿ ಮಾಡೋಕಲ್ಲ. ಫುಡ್ ಕೋಡ್ (ಅಮೆರಿಕದ ಆಹಾರ ಸುರಕ್ಷತಾ ನಿಯಮ) ಪ್ರಕಾರ ಕಾರ್ಖಾನೆಯಲ್ಲಿ ಸೀಲ್ ಆಗಿ ಬಂದ ಡಬ್ಬಿ ಮಾಲು ಎರಡು ಗಂಟೆಯೊಳಗೆ 135 ಫ್ಯಾರನ್‌ಹೀಟ್ ಮುಟ್ಟಬೇಕು. ಅದೇ ನೀವು ಮಾಡಿ, ತಣಿಸಿ, ಮತ್ತೆ ಬಿಸಿ ಮಾಡೋದಾದರೆ 165. ಸ್ಟೀಮ್ ಟೇಬಲ್‌ನಲ್ಲಿ ಬೆಳಿಗ್ಗೆ ಇಟ್ಟ ತುಂಬಿದ ಪ್ಯಾನಿನ ನಡುವೆ ಥರ್ಮಾಮೀಟರ್ ಚುಚ್ಚಿ ನೋಡಿ, ಇನ್‌ಸ್ಪೆಕ್ಟರ್ ಚುಚ್ಚೋಕೆ ಮುಂಚೆ.

ಮಸಾಲೆಯ ಕಡೆಗೂ ದುಡ್ಡು ಸುರಿದೆ. ಒದ್ದೆ ಬೀನ್ಸ್ ಮೇಲೆ ಜೀರಿಗೆ ಪುಡಿ, ಚಿಲಿ ಪೌಡರ್ ಉದುರಿಸಿದರೆ ಪುಡಿ ಪುಡಿಯಾಗೇ ನಾಲಿಗೆಗೆ ಸಿಗುತ್ತೆ. ಚೀಸ್ ಜಾಸ್ತಿ ಮಾಡಿದರೆ ರುಚಿ ಮುಚ್ಚುತ್ತೆ, ಜೊತೆಗೆ ಲಾಭವನ್ನೂ ಮುಚ್ಚುತ್ತೆ.

ಕೊನೆಗೆ ಕೆಲಸ ಮಾಡಿದ್ದು ಇದು. ಮೊದಲಿಗೆ ನೀರು ಹಾಕಬೇಡಿ, ಹುರಿಯಿರಿ. ಡಬ್ಬಿ ಬೋರಲು ಹಾಕಿದರೆ ಬೀನ್ಸ್ ಡಬ್ಬಿಯ ಗೆರೆಗಳ ಅಚ್ಚು ಸಮೇತ ನಿಂತುಕೊಳ್ಳುತ್ತಲ್ಲ, ಅದನ್ನು ಹಾಗೇ ಬಿಸಿ ಗ್ರಿಡಲ್ ಮೇಲೆ ತಂದು, ಅರ್ಧ ಇಂಚಿಗಿಂತ ದಪ್ಪ ಇಲ್ಲದಂತೆ ಹರಡಬೇಕು. ಅದಕ್ಕೂ ಮುಂಚೆ ಗ್ರಿಡಲ್ ಮೇಲೆ ಲಾರ್ಡ್ (ಹಂದಿ ಕೊಬ್ಬು) ಕರಗಿರಬೇಕು, ಅದರಲ್ಲಿ ಸಣ್ಣಗೆ ಹೆಚ್ಚಿದ ಈರುಳ್ಳಿ ಅಂಚು ಕೆಂಪಾಗುವವರೆಗೆ ಬಾಡಿರಬೇಕು, ಜೀರಿಗೆ ಸಿಡಿದಿರಬೇಕು. ಬೆಳ್ಳುಳ್ಳಿ ಕೊನೆಗೆ. ಹರಡಿದ ಮೇಲೆ ಕೈ ಕಟ್ಟಿಕೊಂಡು ನಿಲ್ಲಿ. ಕಷ್ಟ ಇರೋದು ಅಲ್ಲೇ, ಕೈ ಸುಮ್ಮನಿರಲ್ಲ. ಮೊದಲು ಬರೀ ಹಬೆ ಏಳುತ್ತೆ, ಬುಸುಬುಸು ಸದ್ದು. ಮೂರ್ನಾಲ್ಕು ನಿಮಿಷಕ್ಕೆ ಆ ಸದ್ದು ಇಳಿದು ಸಣ್ಣ ಚಟಪಟ ಶುರುವಾಗುತ್ತೆ. ಅಂಚಿನಲ್ಲಿ ಬಣ್ಣ ಮಂಕು ಕಂದಿನಿಂದ ಕೆಂಪಿಗೆ ತಿರುಗಿ ಸಣ್ಣ ಬಿರುಕು ಕಾಣುತ್ತೆ. ಆಗ ಸ್ಕ್ರೇಪರ್ ತಳಕ್ಕೆ ಹಾಕಿ ಎತ್ತಿದರೆ ಕೆಂಪು ಪದರ ಹಾಳೆಯಾಗಿ ಎದ್ದು ಬರುತ್ತೆ. ಅದನ್ನು ಒಳಕ್ಕೆ ಮಡಚಿ, ಮತ್ತೆ ಹರಡಿ, ಮತ್ತೆ ಬಿಡಿ. ಹೀಗೆ ಮೂರು ಸುತ್ತು. ನಾಲ್ಕನೆಯದಕ್ಕೆ ಹೋದರೆ ಕಹಿ ಬರುತ್ತೆ.

ಭಾವ ನೋಡಿ ಬೆಚ್ಚಿಬಿದ್ದರು. "ಅಲ್ಲಯ್ಯ, ನೀರು ಹಾಕದೆ ಹುರಿದರೆ ತಳ ಹಿಡಿಯಲ್ವಾ? ಒಂಬತ್ತು ಡಾಲರ್ ಡಬ್ಬಿ ಅದು!"

"ಹಿಡೀಲಿ ಭಾವ, ಹಿಡಿಯೋದೇ ಬೇಕಾಗಿರೋದು."

ನೀರಿರೋ ತನಕ ಬಣ್ಣ ಬರಲ್ಲ, ಬಣ್ಣ ಬರದೆ ರುಚಿ ಬರಲ್ಲ, ಇಷ್ಟೇ ಇದರ ಗುಟ್ಟು. ತಳ ಹಿಡಿದದ್ದು ಕೆಂಪಾಗಿರುವಾಗಲೇ ಕೆರೆದು ಒಳಕ್ಕೆ ಸೇರಿಸೋದು, ಕಪ್ಪಾಗೋಕೆ ಬಿಡದೇ ಇರೋದು, ಇದಕ್ಕೆ ಕೈ ಪಳಗಬೇಕು. ನನ್ನಲ್ಲಿ ಕೆಲಸಕ್ಕಿರೋ ಹುಡುಗ ಒಂದು ವಾರದಲ್ಲಿ ಕಲಿತ. ಭಾವ ಇನ್ನೂ ಕಲಿತಿಲ್ಲ.

ನೀರು ಬರೋದು ಆಮೇಲೆ. ಮೂರು ಸುತ್ತು ಆದ ಮೇಲೆ ಬೀನ್ಸನ್ನು ಪ್ಯಾನಿಗೆ ತೆಗೆದು, ಬಿಸಿ ನೀರನ್ನು ಸೌಟು ಸೌಟಾಗಿ ಬೆರೆಸಿ. ತಣ್ಣೀರು ಬೇಡ, ಗಂಟು ಕಟ್ಟುತ್ತೆ. ನಿಮಗೆ ಬೇಕಾದ ಹದಕ್ಕಿಂತ ಒಂದು ಮಟ್ಟ ತೆಳ್ಳಗೇ ನಿಲ್ಲಿಸಿ. ಪಿಷ್ಟ ತಣಿದಷ್ಟೂ ಬಿಗಿಯಾಗುತ್ತೆ, ಟಾರ್ಟಿಯಾದೊಳಗೆ (ಟಾಕೊ ರೊಟ್ಟಿಯೊಳಗೆ) ಹೋಗೋ ಹೊತ್ತಿಗೆ ಸರಿಯಾಗಿರುತ್ತೆ. ನೀರಿನ ಜಾಗದಲ್ಲಿ ನಾನು ಒಂದು ಪಾಲು ಉಪ್ಪು-ವಿನಿಗರ್‌ನಲ್ಲಿಟ್ಟ ಹಾಲಪೇನ್ಯೊ ಮೆಣಸಿನಕಾಯಿ ಡಬ್ಬಿಯ ರಸ ಹಾಕುತ್ತೇನೆ. ಎಲ್ಲರೂ ಚೆಲ್ಲುವ ರಸ ಅದು, ಬಿಟ್ಟಿ ಹುಳಿ, ಬಿಟ್ಟಿ ಖಾರ. ಅದರ ಜೊತೆ ಹೋಗುವ ಇನ್ನೊಂದು ದ್ರವ ಇದೆ. ಅದನ್ನು ಇಲ್ಲಿ ಬರೆಯಲ್ಲ, ನನ್ನಿಂದ ಎರಡು ಬೀದಿ ಆಚೆ ಟ್ರೇಲರ್ ಇಟ್ಟವರೂ ಕನ್ನಡ ಓದುತ್ತಾರೆ. ಹುಳಿ ಮಾತ್ರ ಕಟ್ಟಕಡೆಗೆ ಹಾಕಿ, ಹುರಿಯುವಾಗ ಹಾಕಿದರೆ ಪರಿಮಳ ಎಲ್ಲ ಹಬೆಗೆ ಹೋಗುತ್ತೆ.

ಲಾರ್ಡ್ ವಿಷಯ. ಕಿರಾಣಿ ಅಂಗಡಿಯಲ್ಲಿ ಬಿಳಿ ಇಟ್ಟಿಗೆ ಥರ ಸಿಗುತ್ತಲ್ಲ, ಅದು ಹೆಚ್ಚಾಗಿ ಹೈಡ್ರೋಜನೀಕರಿಸಿದ್ದು, ಜಿಡ್ಡು ಬಿಟ್ಟರೆ ಏನೂ ಇಲ್ಲ. ಮಾಂಸದಂಗಡಿಯವರು ಕಾರ್ನಿತಾಸ್ (ಕೊಬ್ಬಿನಲ್ಲಿ ಬೇಯಿಸಿದ ಹಂದಿ ಮಾಂಸ) ಮಾಡಿದ ಮೇಲೆ ಉಳಿಯುವ, ಚಹಾ ಬಣ್ಣದ, ಅರ್ಧ ಹೆಪ್ಪುಗಟ್ಟಿದ ಲಾರ್ಡ್ ಕೇಳಿ. ಪೌಂಡಿಗೆ ಮೂರು ಡಾಲರ್ ಕೊಡುತ್ತೇನೆ, ದೊಡ್ಡ ಡಬ್ಬಿಗೆ ಅರ್ಧ ಕಪ್ ಸಾಕು. ಆದರೆ ಬೀನ್ಸ್ ಟಾಕೊ ಕೇಳೋರಲ್ಲಿ ಮಾಂಸ ತಿನ್ನದವರು ಬಹಳ. ಆದ್ದರಿಂದ ನಾನು ತರೋದು ವೆಜಿಟೇರಿಯನ್ ಅಂತ ಬರೆದ ಡಬ್ಬಿ ಮಾತ್ರ. ಸಾಂಪ್ರದಾಯಿಕ ಅಂತ ಬರೆದಿರೋ ಡಬ್ಬಿಗಳಲ್ಲಿ ಲಾರ್ಡ್ ಇರೋದೇ ಹೆಚ್ಚು, ಆದರೆ ಅದರ ರುಚಿ ನಾಲಿಗೆಗೆ ತಾಗೋದೇ ಇಲ್ಲ. ಒಂದೇ ಡಬ್ಬಿಯಿಂದ ಎರಡು ಬಗೆ ಹೊರಡುತ್ತೆ: ಗ್ರಿಡಲ್ ಮೇಲೆ ಲಾರ್ಡಿನದು, ಬೇರೆಯೇ ಬೀಡಿನ ಬಾಣಲೆಯಲ್ಲಿ ಎಣ್ಣೆಯದು. ಸೌಟು, ಸ್ಕ್ರೇಪರ್ ಎಲ್ಲ ಬೇರೆ. ಎಣ್ಣೆಯ ಬಗೆಗೆ ಈರುಳ್ಳಿಯನ್ನು ಎರಡು ಪಟ್ಟು ಹಾಕಿ ಚೆನ್ನಾಗಿ ಕೆಂಪು ಮಾಡಿ, ಅಡೋಬೊ ಸಾಸ್‌ನಲ್ಲಿರೋ ಚಿಪೋಟ್ಲೆ (ಹೊಗೆಯಲ್ಲಿ ಒಣಗಿಸಿದ ಹಾಲಪೇನ್ಯೊ) ಒಂದೆರಡು ಜಜ್ಜಿ ಹಾಕಿದರೆ ಲಾರ್ಡ್ ಇಲ್ಲದ ಕೊರತೆ ಹೊಗೆ ವಾಸನೆಯಲ್ಲಿ ಮುಚ್ಚಿಹೋಗುತ್ತೆ.

ಉಪ್ಪು ಹಾಕಲೇಬೇಡಿ. ಅರ್ಧ ಕಪ್ಪಿಗೆ ಐನೂರು ಮಿಲಿಗ್ರಾಂ ಆಚೀಚೆ ಸೋಡಿಯಂ ಡಬ್ಬಿಯಲ್ಲೇ ಇರುತ್ತೆ, ಹುರಿದು ಒಣಗಿಸಿದಾಗ ಇನ್ನೂ ಸಾಂದ್ರವಾಗುತ್ತೆ, ಮೇಲೆ ಚೀಸ್ ಬೇರೆ. ಉಪ್ಪಿಲ್ಲದ ಇಡೀ ಪಿಂಟೋ ಡಬ್ಬಿಯನ್ನು ಸೋಸಿ, ಏಳಕ್ಕೆ ಒಂದು ಪಾಲು ಬೆರೆಸಿ ಅರೆಬರೆ ಮಸೆಯಿರಿ. ಉಪ್ಪೂ ತಗ್ಗುತ್ತೆ, ಹಲ್ಲಿಗೆ ಅಲ್ಲೊಂದು ಇಲ್ಲೊಂದು ಕಾಳೂ ಸಿಗುತ್ತೆ. ಅಲ್ಲೇ ಕೂತು ಮಾಡಿದ್ದು ಅಂತ ಗಿರಾಕಿ ನಂಬೋದು ಆ ಕಾಳಿನಿಂದ. ಸುಳ್ಳೇನೂ ಅಲ್ಲವಲ್ಲ.

ಅಡ್ಡ ಪ್ರಯೋಗಗಳೂ ಆದವು. ಬೇಕಿಂಗ್ ಸೋಡಾ ಚಿಟಿಕೆ ಹಾಕಿದರೆ ಬಣ್ಣ ಬೇಗ ಬರುತ್ತೆ, ನಿಜ. ಚಿಟಿಕೆ ಸ್ವಲ್ಪ ದೊಡ್ಡದಾದರೆ ಸೋಪಿನ ರುಚಿ. ಬೆಣ್ಣೆ ಗ್ರಿಡಲ್ ಮೇಲೆ ನಿಲ್ಲಲ್ಲ, ಬೀನ್ಸ್ ಕೆಂಪಾಗೋ ಮೊದಲು ಅದು ಕಪ್ಪಾಗುತ್ತೆ. ಎವಾಪರೇಟೆಡ್ (ನೀರು ಇಂಗಿಸಿದ) ಹಾಲು ಮಾತ್ರ ಅಚ್ಚರಿ ಕೊಟ್ಟಿತು. ಮೆಕ್ಸಿಕೋದ ಸೊನೋರಾ ಕಡೆ ಬೀನ್ಸನ್ನು ಫ್ರಿಹೋಲೆಸ್ ಮನೆಯಾದೋಸ್ ಅಂತ ಹಾಲು, ಚೀಸ್ ಹಾಕಿ ಮಾಡುತ್ತಾರೆ, ಅದನ್ನು ನೋಡಿ ಶುರುಮಾಡಿದ್ದು. ಬೆಣ್ಣೆಯಂಥ ನಯ. ಆದರೆ ಸ್ಟೀಮ್ ಟೇಬಲ್ ಮೇಲೆ ಎರಡು ಗಂಟೆ ಕಳೆದರೆ ಮೇಲೆ ಕೆನೆ ಕಟ್ಟಿ ಅಂಟುತ್ತೆ, ಆದ್ದರಿಂದ ಕೇಟರಿಂಗ್‌ಗೆ ಮಾತ್ರ ಇಟ್ಟುಕೊಂಡಿದ್ದೇನೆ. ಚೊರಿಸೊ (ಖಾರದ ಹಂದಿ ಸಾಸೇಜ್), ಚೀಸ್, ಹಾಲಪೇನ್ಯೊ ಸೇರಿಸಿದ ಸಿನಲೋವಾದ ಫ್ರಿಹೋಲೆಸ್ ಪುಎರ್ಕೋಸ್ ಕೂಡ ಡಬ್ಬಿಯಿಂದ ಮಾಡಿ ಅಜ್ಜಿಗೆ ಒಂದು ಬಟ್ಟಲು ಕೊಟ್ಟೆ. ತಿಂದು ಏನೂ ಹೇಳಲಿಲ್ಲ. ಮರುದಿನ ಬಟ್ಟಲು ವಾಪಸ್ ಬಂತು, ಇನ್ನೊಂದು ಬಟ್ಟಲು ಕೇಳಿಕೊಂಡು. ದುಡ್ಡು ಕೊಟ್ಟೇ ತಗೊಂಡರು.

ಲೆಕ್ಕಕ್ಕೆ ಬಂದರೆ, ದೊಡ್ಡ ಡಬ್ಬಿ ಒಂದಕ್ಕೆ ಅರವತ್ತೈದು ಎಪ್ಪತ್ತು ಟಾಕೊ ಏಳುತ್ತೆ. ಲಾರ್ಡ್, ಈರುಳ್ಳಿ, ಚಿಪೋಟ್ಲೆ ಎಲ್ಲ ಸೇರಿ ಬೀನ್ಸ್ ಖರ್ಚು ಟಾಕೊಗೆ ಹದಿನೆಂಟು ಇಪ್ಪತ್ತು ಸೆಂಟ್. ಮಾರೋದು ಮೂರೂಕಾಲು ಡಾಲರ್‌ಗೆ. ಚೀಸ್ ಅರ್ಧ ಮಾಡಿದರೂ ಯಾರೂ ಕೇಳಲಿಲ್ಲ. ಭಾವ ಲೆಕ್ಕದ ಪುಸ್ತಕ ಮಡಚಿಟ್ಟು, ಈಗ ಎಲ್ಲರ ಹತ್ತಿರ ಈ ಐಡಿಯಾ ತಮ್ಮದೇ ಅನ್ನುತ್ತಿದ್ದಾರೆ.

ಉಳಿದದ್ದನ್ನು ಆಳದ ಪಾತ್ರೆಯಲ್ಲಿ ಇಟ್ಟು ತಣಿಸಬೇಡಿ, ನಡುವೆ ರಾತ್ರಿಯಿಡೀ ಬೆಚ್ಚಗೇ ಇರುತ್ತೆ. ಎರಡಿಂಚು ಆಳದ ತಟ್ಟೆಗೆ ಹರಡಿ, ಫ್ಯಾರನ್‌ಹೀಟ್ 135ರಿಂದ 70ಕ್ಕೆ ಎರಡು ಗಂಟೆಯಲ್ಲಿ, ಅಲ್ಲಿಂದ 41ಕ್ಕೆ ಮತ್ತೆ ನಾಲ್ಕು ಗಂಟೆಯಲ್ಲಿ ಇಳಿಯಬೇಕು.

ಮನೆಯಲ್ಲಿ ಮಾಡೋರು ಕೇಳಿದ್ದಕ್ಕೆ: ಹದಿನಾರು ಔನ್ಸ್ ಡಬ್ಬಿ, ಹತ್ತಿಂಚಿನ ಬೀಡಿನ ಬಾಣಲೆ, ದೊಡ್ಡ ಚಮಚದಲ್ಲಿ ಎರಡು ಚಮಚ ಕೊಬ್ಬು, ಮಧ್ಯಮಕ್ಕಿಂತ ಸ್ವಲ್ಪ ಜೋರು ಉರಿ, ಒಟ್ಟು ಹನ್ನೆರಡು ನಿಮಿಷ. ಮೈಕ್ರೋವೇವ್‌ನಲ್ಲೇ ಆಗಬೇಕು ಅನ್ನೋರು ಮುಚ್ಚಳ ಮುಚ್ಚಿ ಅರ್ಧ ಪವರ್‌ನಲ್ಲಿ ಇಟ್ಟು, ನಡುನಡುವೆ ತೆಗೆದು ಕೈಯಾಡಿಸಿ, ಇಲ್ಲದಿದ್ದರೆ ಸಿಡಿದದ್ದನ್ನು ಒರೆಸುತ್ತಾ ಕೂರಬೇಕು. ರುಚಿ ಮಾತ್ರ ಕೇಳಬೇಡಿ.

ಸದ್ಯ ಕಪ್ಪು ಬೀನ್ಸ್ ಡಬ್ಬಿ ಹಿಡಿದಿದ್ದೇನೆ. ಪಿಂಟೋಗೆ ಹಾಕೋ ಜೀರಿಗೆ ಅದಕ್ಕೆ ಒಗ್ಗಲ್ಲ, ಎಪಸೋಟೆ ಅನ್ನೋ ಮೆಕ್ಸಿಕನ್ ಸೊಪ್ಪು ಬೇಕು. ಬಣ್ಣ ಮೊದಲೇ ಕಪ್ಪಾಗಿರೋದರಿಂದ ಯಾವಾಗ ಕೆಂಪಾಯಿತು ಅಂತ ಕಣ್ಣಿಗೆ ಗೊತ್ತಾಗಲ್ಲ, ಚಟಪಟ ಸದ್ದು ಕೇಳಿಯೇ ಸ್ಕ್ರೇಪರ್ ಹಾಕಬೇಕು. ಎಕ್ಸಾಸ್ಟ್ ಫ್ಯಾನ್ ಓಡುತ್ತಿದ್ದರೆ ಅದೂ ಕೇಳಲ್ಲ.