ಆಟಗಾರರ ಮಾನಸಿಕ ಆರೋಗ್ಯದ ಬಗ್ಗೆ ಬರೆಯೋದು ಹೇಗೆ: ಮ್ಯಾಚ್ ರಿಪೋರ್ಟಿಂದ ಆತ್ಮಕಥೆವರೆಗೆ

ಲೋಕಲ್ ಪೇಪರ್‌ಗೆ ಸ್ಪೋರ್ಟ್ಸ್ ಬರೆಯೋರು, ಕ್ರಿಕೆಟ್ ಪೇಜ್ ನಡೆಸೋರು, ಕಾಲೇಜ್ ಮ್ಯಾಗಜೀನ್‌ಗೆ ಫೀಚರ್ ಮಾಡೋರು, ತಮ್ಮ ಕಥೆನ ತಾವೇ ಬರೀಬೇಕು ಅಂತಿರೋ ಪ್ಲೇಯರ್‌ಗಳು, ಎಲ್ರಿಗೂ ಮೊದ್ಲೇ ಒಂದು ಮಾತು ಹೇಳ್ಬಿಡ್ತೀನಿ. ಕೂತು ಬರೆಯೋಕೆ ಮುಂಚೆ, ಈ ಬರಹದಲ್ಲಿ ಮಾತಾಡ್ತಿರೋದು ಯಾರು ಅಂತ ಕೇಳ್ಕೊಳ್ಳಿ. ಆಟಗಾರರೇ ಮಾತಾಡ್ತಿದ್ರೆ ಅವ್ರಿಗೆ ಇಷ್ಟ ಇದ್ದಷ್ಟು ಒಳಗೆ ಹೋಗಬಹುದು. ನೀವು ಮಾತಾಡ್ತಿದ್ರೆ ಅವ್ರು ಬಾಯಿಬಿಟ್ಟು ಹೇಳಿದಷ್ಟಕ್ಕೆ ನಿಲ್ಬೇಕು. ಬರಹ ಯಾವ ಥರದ್ದೇ ಆಗ್ಲಿ, ಲೆಕ್ಕ ಶುರುವಾಗೋದು ಇಲ್ಲಿಂದ.

ಮ್ಯಾಚ್ ರಿಪೋರ್ಟ್ ತಗೊಳ್ಳಿ, ಅತಿ ಹೆಚ್ಚು ತಪ್ಪು ಆಗೋದು ಇಲ್ಲೇ, ಯಾಕಂದ್ರೆ ಟೈಮ್ ಇರಲ್ಲ. 2014ರ ಇಂಗ್ಲೆಂಡ್ ಟೂರಲ್ಲಿ ವಿರಾಟ್ ಕೊಹ್ಲಿ ಟೆಸ್ಟಿನ 10 ಇನ್ನಿಂಗ್ಸಲ್ಲಿ ಹೊಡೆದದ್ದು 134 ರನ್. ಆವಾಗ ಎಲ್ಲಾ ಕಡೆ ಮಾತು ಆಫ್ ಸ್ಟಂಪ್ ಆಚೆ ಬಾಲ್, ಇಂಗ್ಲೆಂಡ್ ಬೌಲರ್ ಆಂಡರ್ಸನ್, ಟೆಕ್ನಿಕ್, ಇಷ್ಟೇ. ಐದು ವರ್ಷ ಆದ್ಮೇಲೆ, 2019ರ ನವೆಂಬರಲ್ಲಿ, ಆಸ್ಟ್ರೇಲಿಯಾದ ಗ್ಲೆನ್ ಮ್ಯಾಕ್ಸ್‌ವೆಲ್ ಮಾನಸಿಕ ಆರೋಗ್ಯಕ್ಕೆ ಅಂತ ಬ್ರೇಕ್ ತಗೊಂಡಿದ್ದ ಟೈಮಲ್ಲಿ, ಇಂದೋರ್ ಟೆಸ್ಟಿಗೆ ಮುಂಚೆ ಕೊಹ್ಲಿನೇ ಹೇಳಿದ್ರು, ಆ ಟೂರಲ್ಲಿ ಪ್ರಪಂಚನೇ ಮುಗೀತು ಅನ್ನಿಸ್ತಿತ್ತು, ಯಾರ ಹತ್ರ ಹೇಗೆ ಹೇಳ್ಕೋಬೇಕು ಅಂತಾನೇ ಗೊತ್ತಿರ್ಲಿಲ್ಲ ಅಂತ. 2014ರಲ್ಲಿ ಟೆಕ್ನಿಕ್ ಬಗ್ಗೆ ಬರೆದೋರು ತಪ್ಪು ಮಾಡ್ಲಿಲ್ಲ, ಕಣ್ಣಿಗೆ ಕಂಡದ್ದನ್ನ ಬರೆದ್ರು. ತಪ್ಪಾಗೋದು "ಇವನಿಗೆ ಪ್ರೆಷರ್ ತಡ್ಕೊಳ್ಳೋಕಾಗಲ್ಲ", "ಮನೋಬಲನೇ ಇಲ್ಲ" ಅಂತ ತೀರ್ಪು ಕೊಟ್ಟಾಗ. ಸ್ಕೋರ್‌ಕಾರ್ಡ್ ನೋಡಿ ಒಬ್ರ ತಲೆಯೊಳಗೆ ಏನು ನಡೀತಿದೆ ಅಂತ ಹೇಳೋಕೆ ಯಾರಿಂದಲೂ ಆಗಲ್ಲ, ಹಾಗಾಗಿ ಅದನ್ನ ಬರೀಬೇಡಿ, ಹೊಗಳೋಕೂ ಬರೀಬೇಡಿ.

ಆಟಗಾರರು ಅರ್ಧಕ್ಕೇ ಆಟ ಬಿಟ್ರೆ ಏನು ಬರೆಯೋದು? 2021ರ ಜುಲೈ 27, ಟೋಕಿಯೋ ಒಲಿಂಪಿಕ್ಸ್, ಜಿಮ್ನಾಸ್ಟಿಕ್ಸ್ ಟೀಮ್ ಫೈನಲ್. ಸಿಮೋನ್ ಬೈಲ್ಸ್ ವಾಲ್ಟಲ್ಲಿ ಎರಡೂವರೆ ಸುತ್ತು ತಿರುಗಬೇಕಿತ್ತು, ಒಂದೂವರೆಗೇ ನಿಂತ್ಬಿಟ್ರು, ಸ್ಕೋರ್ 13.766, ಆಮೇಲೆ ಫೈನಲಿಂದ ಹಿಂದೆ ಸರಿದ್ರು. "ಕೈ ಬಿಟ್ಟು ಹೋದ್ಳು" ಅಂತ ಬರೆದೋರು ತುಂಬಾ ಜನ. ಆದ್ರೆ ಜಿಮ್ನಾಸ್ಟ್‌ಗಳು ಟ್ವಿಸ್ಟೀಸ್ ಅನ್ನೋದು ಏನು ಅಂತ ವಿವರಿಸಿದ ರಿಪೋರ್ಟ್ ಓದಿದೋರಿಗೆ ವಿಷ್ಯ ಅರ್ಥ ಆಯ್ತು: ಗಾಳಿಯಲ್ಲಿ ತಿರುಗ್ತಿರೋವಾಗ ನೆಲ ಯಾವ ಕಡೆ ಇದೆ ಅನ್ನೋ ಅಂದಾಜೇ ತಪ್ಪಿ ಹೋಗತ್ತೆ, ಕತ್ತು ಅಡಿಯಾಗಿ ಬಿದ್ರೆ ಜೀವಕ್ಕೇ ಅಪಾಯ. ಮನಸ್ಸಿಗೂ ಮೈಗೂ ಇರೋ ಲಿಂಕನ್ನ ಹೀಗೆ ಆ ಆಟದ ಒಳಗಿಂದಾನೇ ತೋರಿಸ್ಬೇಕು. ಶೂಟಿಂಗ್ ಆದ್ರೆ ಉಸಿರು, ಟ್ರಿಗರ್ ಮೇಲಿನ ಬೆರಳು, ಬ್ಯಾಡ್ಮಿಂಟನ್ ಆದ್ರೆ ಸರ್ವ್ ಮಾಡೋ ಕೈ. ಆ ಆಟ ಗೊತ್ತಿರೋ ಕೋಚ್ ಒಬ್ರನ್ನ ಕೇಳಿದ್ರೆ ನಾಲ್ಕು ಸಾಲಲ್ಲಿ ಹೇಳ್ಬಿಡ್ತಾರೆ.

ಆಟಗಾರರೇ ಬಾಯಿಬಿಟ್ಟು ಹೇಳ್ಕೊಂಡಾಗ ಮಾತ್ರ ಮುಚ್ಚಿಡೋ ಅಗತ್ಯ ಇಲ್ಲ. 2025ರ ಅಕ್ಟೋಬರ್ 30ಕ್ಕೆ ನವಿ ಮುಂಬೈಲಿ ವರ್ಲ್ಡ್ ಕಪ್ ಸೆಮಿಫೈನಲ್, ಆಸ್ಟ್ರೇಲಿಯಾ ಕೊಟ್ಟ 339ರ ಟಾರ್ಗೆಟ್, ಜೆಮಿಮಾ ರೋಡ್ರಿಗಸ್ 127 ನಾಟೌಟ್. ಮ್ಯಾಚ್ ಆದ್ಮೇಲೆ ಪ್ರೆಸ್ ಮುಂದೆ ಕೂತು, ಟೂರ್ನಿ ಶುರುವಲ್ಲಿ ವಿಪರೀತ ಆಂಗ್ಸೈಟಿ ಇತ್ತು, ಅಮ್ಮನಿಗೆ ಫೋನ್ ಮಾಡಿ ಅಳ್ತಿದ್ದೆ ಅಂದ್ರು, ನೋಡ್ತಿರೋರಲ್ಲಿ ಯಾರಿಗಾದ್ರೂ ಹೀಗೇ ಆಗ್ತಿರಬಹುದು ಅಂತಾನೇ ಹೇಳಿದ್ರು. ಇಂಥದ್ದು ಸಿಕ್ಕಾಗ ಅವ್ರ ಮಾತು ಅವ್ರ ಬಾಯಲ್ಲೇ ಬರ್ಲಿ, ಕತ್ತರಿ ಹಾಕ್ಬೇಡಿ. ಆಂಗ್ಸೈಟಿ ಅಂದಿದ್ದಾರೆ, ನೀವು ಡಿಪ್ರೆಶನ್ ಅಂತ ಹಾಕ್ಬೇಡಿ. "ಆಂಗ್ಸೈಟಿನ ಸೋಲಿಸಿ ಸೆಂಚುರಿ" ಅನ್ನೋ ಹೆಡ್‌ಲೈನ್ ಕೂಡ ನನಗೆ ಸರಿ ಅನ್ನಿಸಲ್ಲ, ಯಾಕಂದ್ರೆ ಅದೇ ಕಷ್ಟ ಇಟ್ಕೊಂಡು ಸೊನ್ನೆಗೆ ಔಟಾದ ಹುಡುಗಿ ಅದನ್ನ ಓದಿ ಏನು ಅಂದ್ಕೋಬೇಕು?

ಸ್ಟೇಟ್‌ಮೆಂಟ್ ಅನ್ನೋದು ಬೇರೆ ಥರ. ಬೋರ್ಡೋ ಕ್ಲಬ್ಬೋ "ವೈಯಕ್ತಿಕ ಕಾರಣ" ಅಂತ ಎರಡು ಸಾಲು ಕೊಟ್ರೆ ಅಷ್ಟನ್ನೇ ಹಾಕಿ, ಊಹೆ ಸೇರಿಸ್ಬೇಡಿ. ಸ್ಟೇಟ್‌ಮೆಂಟ್ ನೀವೇ ಬರೆಯೋರಾದ್ರೆ ಸುಳ್ಳು ಕಾರಣ ಕೊಡ್ಬೇಡಿ. ಇಂಗ್ಲೆಂಡ್ ಕ್ರಿಕೆಟರ್ ಮಾರ್ಕಸ್ ಟ್ರೆಸ್ಕೋಥಿಕ್ 2006ರಲ್ಲಿ ಇಂಡಿಯಾ ಟೂರ್ ಅರ್ಧಕ್ಕೇ ಬಿಟ್ಟು ಹೋದ್ಮೇಲೆ ವೈರಸ್ ಕಾರಣ ಅಂತ ಮಾತು ಬಂತು, ನಿಜವಾದ ಕಾರಣ ಡಿಪ್ರೆಶನ್ ಅನ್ನೋದು ಪೂರ್ತಿ ಬಂದದ್ದು 2008ರ ಅವ್ರ ಆತ್ಮಕಥೆಲಿ. ಅದೇ ವರ್ಷ ಮಾರ್ಚಲ್ಲಿ ತಮ್ಮ ಕೌಂಟಿ ಟೀಮ್ ಸಾಮರ್ಸೆಟ್ ಜೊತೆ ದುಬೈಗೆ ಹೋಗೋಕೆ ಹೀಥ್ರೋ ಏರ್‌ಪೋರ್ಟಿಗೆ ಬಂದು, ಫ್ಲೈಟ್ ಹತ್ತೋಕಾಗದೆ ಅಲ್ಲೇ ಅತ್ತದ್ದನ್ನೂ ಅವ್ರು ಮುಚ್ಚಿಡ್ಲಿಲ್ಲ. ಆ ಪುಸ್ತಕಕ್ಕೆ ಆ ವರ್ಷದ ವಿಲಿಯಂ ಹಿಲ್ ಪ್ರಶಸ್ತಿ (ಕ್ರೀಡಾ ಪುಸ್ತಕಗಳಿಗೆ ಕೊಡೋದು) ಬಂತು. ಎರಡು ವರ್ಷ ಬೇಕಾಯ್ತು ಅವ್ರಿಗೆ, ಅದು ಅವ್ರ ಹಕ್ಕು, ಯಾರೂ ಅವಸರ ಮಾಡೋ ಹಾಗಿಲ್ಲ.

ನಿಮ್ಮ ಕಥೆನ ನೀವೇ ಬರೆಯೋದಾದ್ರೆ ಕೆವಿನ್ ಲವ್ 2018ರ ಮಾರ್ಚಲ್ಲಿ ಬರೆದದ್ದನ್ನ ನೋಡಿ ಕಲೀಬಹುದು. ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ಪ್ಲೇಯರ್, 2017ರ ನವೆಂಬರ್ 5ಕ್ಕೆ ಅಟ್ಲಾಂಟಾ ವಿರುದ್ಧ ಮ್ಯಾಚ್ ಮಧ್ಯೆ ಪ್ಯಾನಿಕ್ ಅಟ್ಯಾಕ್ ಆಯ್ತು. ಅವ್ರು ದಿನಾಂಕ ಕೊಟ್ರು, ಎದೆ ಹೊಡ್ಕೊಂಡದ್ದು, ಉಸಿರು ಸಿಗದೆ ಲಾಕರ್ ರೂಮ್ ಕಡೆ ಓಡಿದ್ದು, ಎಲ್ಲ ಹೇಳಿದ್ರು, ಆಮೇಲೆ ಥೆರಪಿಸ್ಟ್ ಹತ್ರ ಹೋದದ್ದನ್ನೂ ಬರೆದ್ರು. ತುಂಬಾ ಜನ ಈ ಕೊನೇ ಭಾಗನೇ ಬಿಟ್ಬಿಡ್ತಾರೆ. ಮೈಗೆ ಏನಾಯ್ತು, ಯಾರಿಗೆ ಮೊದ್ಲು ಹೇಳಿದ್ರಿ, ಯಾವ ಸಹಾಯ ಕೆಲಸ ಮಾಡ್ತು, ಇದು ಓದೋರಿಗೆ ಬೇಕಾಗಿರೋದು. ನಮ್ಮ ಕೊಡಗಿನ ಕ್ರಿಕೆಟರ್ ರಾಬಿನ್ ಉತ್ತಪ್ಪ 2020ರಲ್ಲಿ ತಮ್ಮ 2009ರಿಂದ 2011ರ ದಿನಗಳ ಬಗ್ಗೆ ಮಾತಾಡಿದಾಗ, ತನ್ನನ್ನ ತಾನು ಅರ್ಥ ಮಾಡ್ಕೊಳ್ಳೋಕೆ ಡೈರಿ ಬರೆಯೋಕೆ ಶುರು ಮಾಡಿದ್ದು, ಆಮೇಲೆ ಹೊರಗಿನ ಸಹಾಯ ಪಡೆದದ್ದು, ಎರಡೂ ಹೇಳಿದ್ರು. ಹೆಡ್‌ಲೈನ್‌ಗಳು ಹಿಡ್ಕೊಂಡದ್ದು ಮಾತ್ರ ಆತ್ಮಹತ್ಯೆ ಯೋಚನೆ ಬಂದಿತ್ತು ಅನ್ನೋದನ್ನ. ಆ ಡೈರಿ ಹೆಡ್‌ಲೈನಿಗೆ ಬರಬೇಕಿತ್ತು ಅಂತ ನನಗೆ ಇವತ್ತಿಗೂ ಅನ್ನಿಸತ್ತೆ.

ಯಾವಾಗ, ಎಷ್ಟು ಹೇಳೋದು ಅನ್ನೋದಕ್ಕೆ ಟೆನಿಸ್ ಆಟಗಾರ್ತಿ ನವೋಮಿ ಒಸಾಕಾ ಒಳ್ಳೇ ಉದಾಹರಣೆ. 2021ರ ಮೇನಲ್ಲಿ ಫ್ರೆಂಚ್ ಓಪನಿಗೆ ಮುಂಚೆ ಪ್ರೆಸ್ ಮೀಟ್ ಮಾಡಲ್ಲ ಅಂತ ಚಿಕ್ಕ ಪೋಸ್ಟ್ ಹಾಕಿದ್ರು, 15,000 ಡಾಲರ್ ದಂಡ ಬಿತ್ತು. ಮೇ 31ಕ್ಕೆ ಟೂರ್ನಿ ಬಿಟ್ಟು ಇನ್ನೊಂದು ಪೋಸ್ಟ್, ಅದ್ರಲ್ಲಿ 2018ರ ಯುಎಸ್ ಓಪನ್ ಆದಾಗಿಂದ ಡಿಪ್ರೆಶನ್ ಇದೆ ಅಂದ್ರು. ಜುಲೈಲಿ ಟೈಮ್ ಮ್ಯಾಗಜೀನಿಗೆ ಲೇಖನ, ಅಲ್ಲಿ ಕಾರಣ ಹೇಳದೇನೇ ಪ್ರೆಸ್ ಮೀಟಿಗೆ ರಜ ತಗೊಳ್ಳೋ ಅವಕಾಶ ಆಟಗಾರರಿಗೆ ಇರ್ಬೇಕು ಅಂತ ಕೇಳಿದ್ರು. ಗಲಾಟೆ ನಡೀತಿರೋವಾಗ ಪೋಸ್ಟ್ ಚಿಕ್ಕದಾಗಿರ್ಲಿ, ವಾದ ಮಾಡೋ ಲೇಖನ ತಣ್ಣಗಾದ್ಮೇಲೆ ಬರೀರಿ.

ಅಂಕಿಅಂಶ ಹಾಕೋರು ಸ್ವಲ್ಪ ನಿಧಾನ. 2019ರಲ್ಲಿ ಬ್ರಿಟಿಷ್ ಜರ್ನಲ್ ಆಫ್ ಸ್ಪೋರ್ಟ್ಸ್ ಮೆಡಿಸಿನಲ್ಲಿ ಬಂದ ಒಂದು ವಿಶ್ಲೇಷಣೆ ಪ್ರಕಾರ ಈಗ ಆಡ್ತಿರೋ ಟಾಪ್ ಆಟಗಾರರಲ್ಲಿ ಆಂಗ್ಸೈಟಿ ಇಲ್ಲಾ ಡಿಪ್ರೆಶನ್ ಲಕ್ಷಣ ಇರೋರು ಸುಮಾರು 34%. ಲಕ್ಷಣ ಅಂದ್ರೆ ಡಾಕ್ಟರ್ ಕಾಯಿಲೆ ಅಂತ ಹೇಳಿದ್ದಾರೆ ಅಂತಲ್ಲ, ಆ ವ್ಯತ್ಯಾಸ ಅದೇ ಸಾಲಲ್ಲಿ ಬರ್ಬೇಕು.

ಆತ್ಮಹತ್ಯೆ ಸುದ್ದಿಯಾದ್ರೆ ಇಲ್ಲಿ ಸಡಿಲ ಇಲ್ಲ. ಹೇಗೆ ಅನ್ನೋದನ್ನ ಬರೀಬೇಡಿ, ಜಾಗ ಬೇಡ, ಚೀಟಿಲಿ ಏನಿತ್ತು ಬೇಡ, ಫಾರ್ಮ್ ಹೋಯ್ತು, ಟೀಮಿಂದ ತೆಗೆದ್ರು ಅಂತ ಒಂದೇ ಕಾರಣಕ್ಕೆ ಕಟ್ಬೇಡಿ. 2019ರಲ್ಲಿ ಪ್ರೆಸ್ ಕೌನ್ಸಿಲ್ ಆಫ್ ಇಂಡಿಯಾ ಈ ಬಗ್ಗೆ ಮಾರ್ಗಸೂಚಿ ಕೊಟ್ಟಿದೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 24ನೇ ಸೆಕ್ಷನ್ ಪ್ರಕಾರ ಮಾನಸಿಕ ಆರೋಗ್ಯ ಕೇಂದ್ರದಲ್ಲಿ ಟ್ರೀಟ್‌ಮೆಂಟ್ ತಗೊಳ್ತಿರೋರ ಫೋಟೋ, ಮಾಹಿತಿ ಅವ್ರ ಒಪ್ಪಿಗೆ ಇಲ್ಲದೆ ಮಾಧ್ಯಮಕ್ಕೆ ಕೊಡೋ ಹಾಗಿಲ್ಲ. ಬರಹದ ಕೆಳಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಹಾಕಿ, ಫ್ರೀ, ದಿನದ 24 ಗಂಟೆನೂ ಇರತ್ತೆ, ಕನ್ನಡದಲ್ಲೂ ಮಾತಾಡ್ತಾರೆ.

ಕೊನೇದಾಗಿ ನಮ್ಮ ಕ್ರೀಡಾ ಹಾಸ್ಟೆಲ್ ಮಕ್ಕಳು, ತಾಲೂಕು ಲೆವೆಲ್ ಕಬಡ್ಡಿ, ಖೋಖೋ ಆಡೋರು. ಇವ್ರ ಹಿಂದೆ ಮ್ಯಾನೇಜರ್ ಇಲ್ಲ, ವಕೀಲರಿಲ್ಲ. 18 ತುಂಬಿಲ್ಲ ಅಂದ್ರೆ ಹೆಸರು, ಊರು, ಫೋಟೋ ಮೂರೂ ಬೇಡ, ಅಪ್ಪ ಅಮ್ಮ ಒಪ್ಪಿದ್ರೂ ಮಗುನ ಬೇರೆ ಕೂರಿಸ್ಕೊಂಡು ಕೇಳಿ, ಕೋಚ್ ಎದುರಿಗೆ ಬೇಡ, ಯಾಕಂದ್ರೆ ನಾಳೆ ಟೀಮ್ ಸೆಲೆಕ್ಷನ್ ಅವ್ರ ಕೈಲೇ ಇರತ್ತೆ. ಬರೆದಾದ್ಮೇಲೆ ಆ ಭಾಗನ ಫೋನಲ್ಲಾದ್ರೂ ಓದಿ ಹೇಳಿ. ತೆಗೀರಿ ಅಂದದ್ದನ್ನ ಯಾಕೆ ಅಂತ ಕೇಳದೆ ತೆಗೀರಿ.