ಲಾಗಿನ್ ಆದಾಗ ಸಿಗುವ ಲೈಬ್ರರಿ, ದೂರದಿಂದ ಕರೆದಾಗ ಸಿಗದಿದ್ದುದು

ನಾನೇ ಕಂಪೈಲ್ ಮಾಡಿ ಆಪ್ಟ್ ಡೈರೆಕ್ಟರಿಯಡಿ ಇರಿಸಿದ್ದ ಲೈಬ್ರರಿಯನ್ನು ಬಳಸುವ ಪ್ರೋಗ್ರಾಂ, ಉಬುಂಟು ಸರ್ವರ್‌ಗೆ ಲಾಗಿನ್ ಆಗಿ ಓಡಿಸಿದಾಗ ಸರಿಯಾಗಿ ನಡೆಯುತ್ತಿತ್ತು. ಅದನ್ನೇ, ದೂರದ ಕಂಪ್ಯೂಟರಿನಲ್ಲಿ ಕಮಾಂಡ್ ಓಡಿಸಲು ಬಳಸುವ ಎಸ್‌ಎಸ್‌ಎಚ್‌ಗೆ ಒಂದೇ ಸಾಲಿನ ಕಮಾಂಡ್ ಆಗಿ ಕೊಟ್ಟರೆ, ಶೇರ್ಡ್ ಲೈಬ್ರರಿ ತೆರೆಯಲಾಗಲಿಲ್ಲವೆಂದು ಹೇಳಿ 127ನೇ ಎಕ್ಸಿಟ್ ಕೋಡ್‌ನೊಂದಿಗೆ ನಿಲ್ಲುತ್ತಿತ್ತು. ಪ್ರೋಗ್ರಾಂಗೆ ಬೇಕಾದ ಲೈಬ್ರರಿಗಳು ಎಲ್ಲಿ ಸಿಗುತ್ತವೆಂದು ತೋರಿಸುವ ಎಲ್‌ಡಿಡಿ ಕಮಾಂಡನ್ನು ಎರಡೂ ರೀತಿಯಲ್ಲಿ ಓಡಿಸಿ ನೋಡಿದೆ. ಲಾಗಿನ್ ಆದಾಗ ಆ ಲೈಬ್ರರಿಯ ಮುಂದೆ ಪೂರ್ಣ ಪಾತ್ ಕಾಣುತ್ತಿತ್ತು, ದೂರದಿಂದ ಕೇಳಿದಾಗ ‘ನಾಟ್ ಫೌಂಡ್’ ಎಂದಿತ್ತು.

ಲೈಬ್ರರಿಗಳನ್ನು ಎಲ್ಲಿ ಹುಡುಕಬೇಕೆಂದು ಹೇಳುವ ಎಲ್‌ಡಿ ಲೈಬ್ರರಿ ಪಾತ್ ಎಂಬ ವೇರಿಯಬಲ್ ಅನ್ನು ನಾನು, ಶೆಲ್ (ಕಮಾಂಡ್‌ಗಳನ್ನು ಓಡಿಸುವ ಪ್ರೋಗ್ರಾಂ) ಶುರುವಾಗುವಾಗ ಓದುವ ಬ್ಯಾಶ್‌ಆರ್‌ಸಿ ಫೈಲಿನ ಕೊನೆಯಲ್ಲಿ ಎಕ್ಸ್‌ಪೋರ್ಟ್ ಮಾಡಿದ್ದೆ. ಆದರೆ ಆ ಫೈಲಿನ ಆರಂಭದಲ್ಲೇ, ಶೆಲ್ ಇಂಟರಾಕ್ಟಿವ್ ಅಲ್ಲದಿದ್ದರೆ (ಅಂದರೆ ಬಳಕೆದಾರ ಕೂತು ಟೈಪ್ ಮಾಡುವ ಶೆಲ್ ಅದಲ್ಲದಿದ್ದರೆ) ಅಲ್ಲಿಂದಲೇ ಹಿಂದಿರುಗುವಂತೆ ಮಾಡುವ ಪುಟ್ಟ ಕೇಸ್ ತುಣುಕೊಂದು ಮೊದಲಿನಿಂದಲೂ ಇರುತ್ತದೆ. ಎಸ್‌ಎಸ್‌ಎಚ್‌ಗೆ ಒಂದೇ ಕಮಾಂಡ್ ಕೊಟ್ಟಾಗ ಶೆಲ್ ಇಂಟರಾಕ್ಟಿವ್ ಆಗಿರುವುದಿಲ್ಲ, ಹಾಗಾಗಿ ನನ್ನ ಸಾಲಿನವರೆಗೆ ಶೆಲ್ ತಲುಪುತ್ತಲೇ ಇರಲಿಲ್ಲ. ವರ್ಷಗಳಿಂದ ಆ ಫೈಲನ್ನು ತಿದ್ದುತ್ತಿದ್ದರೂ ಮೇಲಿನ ಸಾಲುಗಳನ್ನು ನಾನು ಒಮ್ಮೆಯೂ ಓದಿರಲಿಲ್ಲ.

ಎಕ್ಸ್‌ಪೋರ್ಟ್ ಸಾಲನ್ನು ಮೇಲಕ್ಕೆ ಸರಿಸಿದರೆ ಎಸ್‌ಎಸ್‌ಎಚ್‌ನ ತೊಂದರೆ ತೀರುತ್ತಿತ್ತು, ಆದರೆ ನಿಗದಿತ ಸಮಯಕ್ಕೆ ಕೆಲಸಗಳನ್ನು ಓಡಿಸುವ ಕ್ರಾನ್ ಆ ಫೈಲನ್ನು ಓದುವುದೇ ಇಲ್ಲ, ರೂಟ್ (ಆಡಳಿತಗಾರ) ಅಧಿಕಾರದಲ್ಲಿ ಕಮಾಂಡ್ ಓಡಿಸುವ ಸುಡೊ ಈ ವೇರಿಯಬಲ್ ಅನ್ನು ಕಿತ್ತುಹಾಕುತ್ತದೆ. ಆದ್ದರಿಂದ ಶೆಲ್ಲಿನ ಸಹವಾಸವನ್ನೇ ಬಿಟ್ಟು, ಇಟಿಸಿಯೊಳಗಿನ ಎಲ್‌ಡಿ ಡಾಟ್ ಎಸ್‌ಒ ಡಾಟ್ ಕಾನ್ಫ್ ಡಾಟ್ ಡಿ ಡೈರೆಕ್ಟರಿಯಲ್ಲಿ ಲೈಬ್ರರಿಯ ಪಾತ್ ಇರುವ ಒಂದು ಸಾಲಿನ ಫೈಲ್ ಬರೆದು, ಇಡೀ ವ್ಯವಸ್ಥೆಯ ಲೈಬ್ರರಿ ಪಟ್ಟಿಯನ್ನು ನವೀಕರಿಸುವ ಎಲ್‌ಡಿಕಾನ್ಫಿಗ್ ಅನ್ನು ರೂಟ್ ಆಗಿ ಓಡಿಸಿದೆ. ಬ್ಯಾಶ್‌ಆರ್‌ಸಿಯ ಹಳೆಯ ಸಾಲನ್ನು ಅಳಿಸಿದ ಮೇಲೂ ದೂರದ ಎಲ್‌ಡಿಡಿ ಪೂರ್ಣ ಪಾತ್ ತೋರಿಸಿತು.