ಸೊಂಟದ ಮೇಲೊಂದು ಮಗು, ಹೊಟ್ಟೆಯಲ್ಲೊಂದು ಮಗು: ಬಸುರಿನ ಸುಸ್ತನ್ನು ನಿಭಾಯಿಸುವ ಬಗೆ

ಮೊದಲ ಮಗು ಇನ್ನೂ ಸೊಂಟ ಬಿಟ್ಟಿಳಿಯುವ ಮೊದಲೇ ಮತ್ತೆ ಬಸುರಾದವರಿಗೆ ಬರುವ ಸುಸ್ತು, ಚೊಚ್ಚಲ ಬಸುರಿನ ಸುಸ್ತಿಗಿಂತ ಬೇರೆಯಾಗಿಯೇ ಇರುತ್ತದೆ. ಆಗ ನಿದ್ದೆ ಬಂದರೆ ಮಲಗಬಹುದಿತ್ತು, ವಾಕರಿಕೆ ಬಂದರೆ ಒಲೆಯ ಮುಂದಿನಿಂದ ಎದ್ದು ಹೋಗಬಹುದಿತ್ತು; ಈಗ ಊಟಕ್ಕೂ ಸ್ನಾನಕ್ಕೂ ಹಟಕ್ಕೂ ಅಳುವಿಗೂ ನಿಮ್ಮನ್ನೇ ಹುಡುಕಿಕೊಂಡು ಬರುವ ಮಗುವೊಂದು ಮನೆಯಲ್ಲಿದೆ. ಮೈಸೂರು, ಮಂಡ್ಯದ ಕಡೆಯ ಮನೆಗಳಲ್ಲಿ ಚೊಚ್ಚಲ ಬಸುರಿಯ ಬಯಕೆಯನ್ನು ಎಲ್ಲರೂ ಕೇಳುತ್ತಾರೆ, ಅವಳನ್ನು ತವರಿಗೆ ಕಳಿಸುತ್ತಾರೆ. ಎರಡನೆಯದರ ಹೊತ್ತಿಗೆ ‘ಅವಳಿಗೆ ಎಲ್ಲ ಗೊತ್ತಿದೆ’ ಎಂದುಕೊಂಡು ಸುಮ್ಮನಾಗುತ್ತಾರೆ. ನನ್ನ ಅಭಿಪ್ರಾಯದಲ್ಲಿ ಹೆಚ್ಚಿನ ಆರೈಕೆ ಬೇಕಾಗಿರುವುದು ಈ ಎರಡನೆಯ ಬಸುರಿನಲ್ಲೇ.

ಈ ಸುಸ್ತು ಸೋಮಾರಿತನವಲ್ಲ. ಮೊದಲ ಮೂರು ತಿಂಗಳಲ್ಲಿ ಪ್ರೊಜೆಸ್ಟರಾನ್ ಎಂಬ ಹಾರ್ಮೋನು ಏರುವುದರಿಂದ ಹಗಲಲ್ಲೂ ಮಂಪರು ಕವಿಯುತ್ತದೆ. ದೇಹದಲ್ಲಿ ಹರಿಯುವ ರಕ್ತದ ಪ್ರಮಾಣ ಬಸುರಿನ ಕೊನೆಯ ತಿಂಗಳುಗಳ ಹೊತ್ತಿಗೆ ಶೇಕಡ 40ರಿಂದ 50ರಷ್ಟು ಹೆಚ್ಚುತ್ತದೆ, ಹೃದಯ ಅಷ್ಟನ್ನೂ ತಳ್ಳಬೇಕಾಗುತ್ತದೆ. ನಾಲ್ಕರಿಂದ ಆರನೆಯ ತಿಂಗಳವರೆಗೆ ಹಲವರಿಗೆ ಮೈ ಹಗುರವೆನಿಸಿ, ಏಳರಿಂದ ಭಾರ, ಬೆನ್ನುನೋವು, ರಾತ್ರಿ ಪದೇ ಪದೇ ಮೂತ್ರಕ್ಕೆ ಏಳುವುದು ಇವುಗಳಿಂದ ದಣಿವು ಮರಳಿ ಬರುತ್ತದೆ. ಪುಟ್ಟ ಮಗುವಿನ ತಾಯಿಗೆ ಇನ್ನೂ ಒಂದು ಕಾರಣವಿರಬಹುದು. ಮೊದಲ ಬಸುರು ಮತ್ತು ಹೆರಿಗೆ ಅವಳ ದೇಹದ ಕಬ್ಬಿಣಾಂಶದ ಸಂಗ್ರಹವನ್ನು ಖರ್ಚು ಮಾಡಿರುತ್ತವೆ. ಅದು ತುಂಬಿಕೊಳ್ಳುವ ಮೊದಲೇ ಎರಡನೆಯ ಮಗು ತನ್ನ ಪಾಲನ್ನು ಕೇಳುತ್ತದೆ. ಒಂದು ಹೆರಿಗೆಯಾದ ಮೇಲೆ ಮುಂದಿನ ಬಸುರಿಗೆ ಕನಿಷ್ಠ 24 ತಿಂಗಳ ಅಂತರವಿರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಂತರ ಅದಕ್ಕಿಂತ ಕಡಿಮೆಯಾಗಿದ್ದರೆ ಗಾಬರಿ ಬೇಡ, ಆದರೆ ರಕ್ತ ಪರೀಕ್ಷೆಯನ್ನು ಮುಂದೂಡಬೇಡಿ.

ಆದ್ದರಿಂದ ಮೊದಲ ಕೆಲಸ ತಾಯಿ ಕಾರ್ಡ್ ಮಾಡಿಸಿ ಹಿಮೋಗ್ಲೋಬಿನ್ ಎಷ್ಟಿದೆಯೆಂದು ತಿಳಿಯುವುದು. ಬಸುರಿಯಲ್ಲಿ ಅದು ಡೆಸಿಲೀಟರಿಗೆ 11 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ, 7ಕ್ಕಿಂತ ಕೆಳಗಿದ್ದರೆ ತೀವ್ರ ರಕ್ತಹೀನತೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಬಸುರಿಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ರಕ್ತಹೀನತೆಯಿದೆ. ಆದ್ದರಿಂದ ‘ನನಗೇಕೆ ಬಂದೀತು’ ಎಂದುಕೊಳ್ಳುವಂತಿಲ್ಲ. ಥೈರಾಯ್ಡ್ ಮತ್ತು ಸಕ್ಕರೆ ಪರೀಕ್ಷೆಯ ಬಗ್ಗೆಯೂ, ಮಾಂಸ ಮೊಟ್ಟೆ ತಿನ್ನದವರು ಬಿ12 ಕೊರತೆಯ ಬಗ್ಗೆಯೂ ವೈದ್ಯರನ್ನು ಕೇಳಬೇಕು. ಪ್ರಧಾನ ಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಉಚಿತ ತಪಾಸಣೆಯಿರುತ್ತದೆ. ಹತ್ತಿರದ ಕೇಂದ್ರ ಯಾವುದೆಂದು ನಿಮ್ಮೂರಿನ ಆಶಾ ಕಾರ್ಯಕರ್ತೆ ಹೇಳುತ್ತಾರೆ.

ಕಬ್ಬಿಣದ ಮಾತ್ರೆಯ ವಿಷಯವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಮಾತ್ರೆ ಮನೆಗೆ ಬಂದರೂ ಹೊಟ್ಟೆಗೆ ಹೋಗದೆ ಉಳಿಯುವುದು ಬಹಳ. ನಾಲ್ಕನೆಯ ತಿಂಗಳಿನಿಂದ ದಿನಕ್ಕೊಂದರಂತೆ ಕನಿಷ್ಠ 180 ದಿನ ತೆಗೆದುಕೊಳ್ಳಬೇಕಾದ, 60 ಮಿಲಿಗ್ರಾಂ ಕಬ್ಬಿಣ ಮತ್ತು 500 ಮೈಕ್ರೋಗ್ರಾಂ ಫೋಲಿಕ್ ಆಮ್ಲವಿರುವ ಕೆಂಪು ಮಾತ್ರೆಯನ್ನು ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ಕೊಡುತ್ತಾರೆ; ರಕ್ತಹೀನತೆ ಇದ್ದರೆ ವೈದ್ಯರು ಪ್ರಮಾಣವನ್ನು ಹೆಚ್ಚಿಸುತ್ತಾರೆ, ಅಗತ್ಯವೆನಿಸಿದರೆ ನರದ ಮೂಲಕ ಕಬ್ಬಿಣಾಂಶ ಕೊಡುತ್ತಾರೆ. ಈ ಮಾತ್ರೆಯನ್ನು ಹಾಲು, ಕಾಫಿ, ಟೀ ಜೊತೆ ನುಂಗಿದರೆ ಕಬ್ಬಿಣ ಸರಿಯಾಗಿ ಹೀರಲ್ಪಡುವುದಿಲ್ಲ. ಕ್ಯಾಲ್ಸಿಯಂ ಮಾತ್ರೆಯೂ ಹಾಗೆಯೇ ಅಡ್ಡಿ ಮಾಡುವುದರಿಂದ ಎರಡರ ನಡುವೆ ಕನಿಷ್ಠ ಎರಡು ಗಂಟೆ ಬಿಡಬೇಕು. ನಿಂಬೆಹಣ್ಣಿನ ಪಾನಕ, ನೆಲ್ಲಿಕಾಯಿ ಅಥವಾ ಸೀಬೆಹಣ್ಣಿನ ಜೊತೆ ತೆಗೆದುಕೊಂಡರೆ ಅನುಕೂಲ. ಹೊಟ್ಟೆ ತೊಳಸಿದರೆ ರಾತ್ರಿ ಊಟವಾಗಿ ಸ್ವಲ್ಪ ಹೊತ್ತಿನ ನಂತರ ನುಂಗಿ ಮಲಗಿ. ಮಲ ಕಪ್ಪಾಗುವುದು ಸಹಜ. ಈ ಮಾತ್ರೆಯಿಂದ ಮಗು ಕಪ್ಪಾಗುತ್ತದೆ ಎಂದು ಯಾರಾದರೂ ಹೇಳಿದರೆ ಅದು ಖಂಡಿತ ಸುಳ್ಳು. ಆ ಮಾತಿಗೆ ಹೆದರಿ ಮಾತ್ರೆ ಬಿಟ್ಟವರು ಹೆರಿಗೆಯ ಹೊತ್ತಿಗೆ ಅಪಾಯಕ್ಕೆ ಸಿಲುಕಬಹುದು.

ಮಾತ್ರೆಯ ಬಗ್ಗೆ ಇನ್ನೊಂದು ಎಚ್ಚರಿಕೆ ಪುಟ್ಟ ಮಕ್ಕಳಿರುವ ಮನೆಗೇ ಸಂಬಂಧಿಸಿದ್ದು. ಕೆಂಪಗೆ ಹೊಳೆಯುವ ಆ ಮಾತ್ರೆ ಮಗುವಿನ ಕಣ್ಣಿಗೆ ಪೆಪ್ಪರಮಿಂಟಿನ ಹಾಗೆ ಕಾಣುತ್ತದೆ, ಆದರೆ ಹಲವು ಮಾತ್ರೆಗಳನ್ನು ಒಟ್ಟಿಗೆ ತಿಂದರೆ ಕಬ್ಬಿಣವು ಮಗುವಿನ ಪ್ರಾಣಕ್ಕೇ ಕುತ್ತು ತರುವ ವಿಷವಾಗುತ್ತದೆ. ದಿಂಬಿನ ಕೆಳಗೆ, ಕಿಟಕಿಯಲ್ಲಿ ಇಡದೆ ಎತ್ತರದ, ಬಾಗಿಲಿರುವ ಕಡೆ ಇಡಿ. ಮಗು ತಿಂದಿರಬಹುದೆಂಬ ಅನುಮಾನ ಬಂದರೂ ಸಾಕು, ಲಕ್ಷಣಕ್ಕಾಗಿ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಊಟದಲ್ಲಿ ನಮ್ಮ ಕಡೆಯ ಅಡುಗೆಯೇ ಸಾಕಷ್ಟು ನೆರವಾಗುತ್ತದೆ. ನುಗ್ಗೆಸೊಪ್ಪು, ದಂಟಿನ ಸೊಪ್ಪಿನ ಜೊತೆ ಹೆಸರುಕಾಳು ಅಥವಾ ಅವರೆಕಾಳು ಹಾಕಿದ ಬಸ್ಸಾರು, ಉಪ್ಸಾರು ಒಳ್ಳೆಯವು, ಮೇಲೆ ಒಂದಿಷ್ಟು ನಿಂಬೆರಸ ಹಿಂಡಿದರೆ ಇನ್ನೂ ಒಳ್ಳೆಯದು. ರಾಗಿಯಲ್ಲಿ ಸುಣ್ಣಾಂಶ ಹೇರಳವಾಗಿದೆ; ಆದರೆ ಅದರ ಕಬ್ಬಿಣಾಂಶ ದೇಹಕ್ಕೆ ಸುಲಭವಾಗಿ ಸಿಗುವುದಿಲ್ಲ, ಮೊಳಕೆ ಕಟ್ಟಿಸಿ ಮಾಡಿದ ಹಿಟ್ಟಿನಲ್ಲಿ ಸ್ವಲ್ಪ ಹೆಚ್ಚು ಸಿಗುತ್ತದೆ. ಆದ್ದರಿಂದ ಮುದ್ದೆ ಉಣ್ಣುತ್ತೇನೆ, ಮಾತ್ರೆ ಬೇಡ ಎನ್ನುವುದು ಸರಿಯಲ್ಲ. ಬೀಟ್‌ರೂಟಿನ ಕೆಂಪು ಬಣ್ಣವನ್ನು ನಂಬಿ ಕೂರುವುದೂ ಸರಿಯಲ್ಲ. ಒಂದೇ ಸಲ ಹೊಟ್ಟೆ ತುಂಬ ಉಣ್ಣುವ ಬದಲು ಎರಡು ಮೂರು ಗಂಟೆಗೊಮ್ಮೆ ಕಡಲೆಬೀಜ, ಬೇಯಿಸಿದ ಮೊಟ್ಟೆ, ಮಜ್ಜಿಗೆ, ರಾಗಿ ಗಂಜಿ, ಬಾಳೆಹಣ್ಣು ಹೀಗೆ ಏನಾದರೂ ತಿನ್ನುತ್ತಿರಿ. ಮಗುವಿನ ತಟ್ಟೆಯಲ್ಲಿ ಮಿಕ್ಕಿದ್ದೇ ತಾಯಿಯ ಊಟವಾಗುವುದು ಅನೇಕ ಮನೆಗಳ ರೂಢಿ, ಅದನ್ನು ಬಿಡಲೇಬೇಕು. ಕಾಫಿಯನ್ನು ದಿನಕ್ಕೆ ಒಂದೆರಡು ಸಣ್ಣ ಲೋಟಕ್ಕೆ ನಿಲ್ಲಿಸಿ, ಊಟದ ಬೆನ್ನಿಗೇ ಕುಡಿಯಬೇಡಿ.

ಇನ್ನು ನಿದ್ದೆ. ಒಂದರಿಂದ ಎರಡು ವರ್ಷದ ಮಗುವಿಗೆ ಹಗಲುನಿದ್ದೆಯೂ ಸೇರಿ ದಿನಕ್ಕೆ 11ರಿಂದ 14 ಗಂಟೆ ನಿದ್ದೆ ಬೇಕು. ಮಗು ಮಧ್ಯಾಹ್ನ ಮಲಗಿದ ಕೂಡಲೇ ಪಾತ್ರೆ, ಬಟ್ಟೆ ಎಂದು ಏಳುವುದನ್ನು ನಿಲ್ಲಿಸಿ, ಮೊದಲು ನೀವೂ ಮಲಗಿ. ಪಾತ್ರೆಯನ್ನು ಮಗು ಎದ್ದಿರುವಾಗಲೂ ತೊಳೆಯಬಹುದು, ನಿದ್ದೆಯನ್ನು ಆಗ ಮಾಡಲಾಗದು. ಏಳನೆಯ ತಿಂಗಳಿನಿಂದ ಅಂಗಾತ ಮಲಗದೆ ಪಕ್ಕಕ್ಕೆ, ಸಾಧ್ಯವಾದರೆ ಎಡಕ್ಕೆ ತಿರುಗಿ ಮಲಗಬೇಕು.

ಮಗು ಎದ್ದಿರುವಾಗಲೇ ನಿಮಗೆ ತೂಕಡಿಕೆ ಬಂದರೆ ಏನು ಮಾಡುವುದು? ಮನೆಯಲ್ಲಿ ಬೇರೆ ಯಾರಾದರೂ ಇದ್ದರೆ ಮಗುವನ್ನು ಅವರ ಕೈಗೆ ಕೊಡುವುದೇ ಸರಿ. ಯಾರೂ ಇಲ್ಲದ ಹೊತ್ತಿಗಾಗಿ ಮನೆಯ ಒಂದು ಕೋಣೆಯನ್ನು ಮಗುವಿಗೆ ಅಪಾಯವಿಲ್ಲದಂತೆ ಮೊದಲೇ ಸಿದ್ಧಪಡಿಸಿಡಿ: ನಾಣ್ಯ, ಗುಂಡಿ, ಹುಣಸೆಬೀಜದಂಥ ಗಂಟಲಿಗೆ ಸಿಕ್ಕುವ ವಸ್ತು, ವೈರು, ಔಷಧಿ, ನೀರು ತುಂಬಿದ ಬಕೆಟ್ ಯಾವುದೂ ಅಲ್ಲಿರಬಾರದು. ಬಚ್ಚಲು, ಅಡುಗೆಮನೆ, ಬೀದಿಬಾಗಿಲಿಗೆ ಚಿಲಕ ಹಾಕಿ, ಸಂಪಿನ ಮುಚ್ಚಳ ಭದ್ರವಾಗಿದೆಯೆಂದು ನೋಡಿ, ಆ ಕೋಣೆಯ ಬಾಗಿಲಿಗೆ ಅಡ್ಡಲಾಗಿ ಚಾಪೆ ಹಾಸಿಕೊಂಡು ಮಲಗಿ. ಮಗು ಹೊರಗೆ ಹೋಗಬೇಕಾದರೆ ನಿಮ್ಮನ್ನು ದಾಟಿಯೇ ಹೋಗಬೇಕಾಗುತ್ತದೆ. ಇದು ಮೈ ಚೆಲ್ಲಿ ವಿಶ್ರಮಿಸಲು, ನಿದ್ದೆ ಹೊಡೆಯಲು ಅಲ್ಲ. ಆದರೂ ಅಕಸ್ಮಾತ್ ಕಣ್ಣು ಮುಚ್ಚಿದರೆ ಅಪಾಯ ಕಡಿಮೆ. ಮಲಗಿಕೊಂಡೇ ಆಡುವ ಆಟಗಳೂ ಇವೆ. ನೀವು ರೋಗಿ, ಮಗು ಡಾಕ್ಟರು. ನಿಮ್ಮ ಕಾಲ ಮೇಲೆ ಚನ್ನಪಟ್ಟಣದ ಮರದ ಗಾಡಿ ಓಡಿಸುವುದು. ನಿಮಗೆ ದುಪ್ಪಟಿ ಹೊದಿಸಿ ಮಗುವೇ ಜೋಗುಳ ಹಾಡುವುದು. ಎರಡು ವರ್ಷ ದಾಟಿದ ಮಕ್ಕಳು ಇವನ್ನು ಮತ್ತೆ ಮತ್ತೆ ಆಡಲು ಬೇಸರಪಡುವುದಿಲ್ಲ.

ತೊಂದರೆಯಿಲ್ಲದ ಬಸುರಿನಲ್ಲಿ ಮಗುವನ್ನು ಎತ್ತಿಕೊಳ್ಳಬಾರದೆಂದೇನೂ ಇಲ್ಲ, ಆದರೆ ಸೊಂಟ ಬಗ್ಗಿಸದೆ ಮೊಣಕಾಲು ಮಡಿಸಿ ಎತ್ತಬೇಕು. ಅದಕ್ಕಿಂತ ಜಗುಲಿಯ ಮೇಲೆ ಕುಳಿತು ಮಗುವನ್ನೇ ತೊಡೆಗೆ ಹತ್ತಿಸಿಕೊಳ್ಳುವುದು ಮೇಲು. ಎದೆಹಾಲನ್ನೂ ಹಠಾತ್ತನೆ ಬಿಡಿಸಬೇಕಿಲ್ಲ. ರಕ್ತಸ್ರಾವ ಅಥವಾ ಅವಧಿಗೆ ಮೊದಲೇ ಹೆರಿಗೆಯ ಭಯವಿರುವವರು ಮಾತ್ರ ಎರಡರ ಬಗ್ಗೆಯೂ ವೈದ್ಯರನ್ನು ಕೇಳಿ ನಡೆಯಬೇಕು.

ಮನೆಯವರ ನೆರವು ಕೇಳುವಾಗ ‘ನನಗೆ ಸುಸ್ತು’ ಎಂದಷ್ಟೇ ಹೇಳಿದರೆ ಕೇಳಿದವರಿಗೆ ಏನು ಮಾಡಬೇಕೆಂದು ತೋಚುವುದಿಲ್ಲ. ಯಾವ ಕೆಲಸ, ಯಾವ ಹೊತ್ತು ಎಂದು ಹೇಳಿ. “ಅತ್ತೆ, ಎರಡರಿಂದ ಮೂರು ಗಂಟೆವರೆಗೆ ಮಗೂನ ನೀವು ನೋಡ್ಕೊಳ್ಳಿ, ನಾನು ಮಲಗಿ ಎದ್ದು ರಾತ್ರಿ ಅಡುಗೆಗೆ ಬರ್ತೀನಿ.” “ರೀ, ಬೆಳಿಗ್ಗೆ ಡೇರಿಗೆ ಹಾಲು ಹಾಕಿ ಬಂದ ಮೇಲೆ ಮಗೂಗೆ ಸ್ನಾನ ನೀವೇ ಮಾಡಿಸಿ.” ರೇಷ್ಮೆ ಹುಳು ಸಾಕುವ ಮನೆಯಾದರೆ ನಾಲ್ಕನೆಯ ಜ್ವರ (ಹುಳು ಮೇವು ಬಿಟ್ಟು ಪೊರೆ ಕಳಚುವ ಹಂತ) ಕಳೆದ ಮೇಲಿನ ದಿನಗಳಲ್ಲಿ ಸೊಪ್ಪಿನ ಕೆಲಸ ಒಮ್ಮೆಲೇ ಹೆಚ್ಚುವುದರಿಂದ ಆ ವಾರಕ್ಕೆ ಕೂಲಿಯಾಳನ್ನೋ ನೆಂಟರನ್ನೋ ಮೊದಲೇ ಗೊತ್ತುಮಾಡಿ, ಹುಳುಮನೆಗೆ ಸೋಂಕು ಕಳೆಯುವ ಫಾರ್ಮಲಿನ್ ಹೊಡೆಯುವ ಹೊತ್ತಿನಲ್ಲಿ ಬಸುರಿಯೂ ಮಗುವೂ ಆ ಕಡೆ ಸುಳಿಯಬಾರದು. ಮೂರು ವರ್ಷ ತುಂಬಿದ ಮಗುವನ್ನು ಅಂಗನವಾಡಿಗೆ ಕಳಿಸಿದರೆ ನಿಮಗೆ ಬೆಳಗಿನ ಬಿಡುವು ಸಿಗುತ್ತದೆ, ಮಾತೃಪೂರ್ಣ ಯೋಜನೆಯ ಬಿಸಿಯೂಟಕ್ಕೆ ನೀವೂ ಅಲ್ಲಿಗೇ ಹೋಗಬಹುದು. ಗಾರ್ಮೆಂಟ್ಸ್ ಅಥವಾ ಕಚೇರಿಯಲ್ಲಿ ದುಡಿಯುವವರಿಗೆ ಕಾನೂನಿನಂತೆ ಎರಡನೆಯ ಮಗುವಿಗೂ 26 ವಾರಗಳ ವೇತನಸಹಿತ ಹೆರಿಗೆ ರಜೆಯುಂಟು, ಅದರಲ್ಲಿ 8 ವಾರಗಳವರೆಗೆ ಹೆರಿಗೆಗೆ ಮುಂಚೆಯೇ ಪಡೆಯಬಹುದು.

ಕುಳಿತಲ್ಲೇ ಏದುಸಿರು, ಎದೆ ಡವಗುಟ್ಟುವುದು, ತಲೆಸುತ್ತಿ ಬೀಳುವುದು, ಬಿಡದ ತಲೆನೋವು, ಕಣ್ಣು ಮಂಜಾಗುವುದು, ಮುಖ ಕೈ ಊದುವುದು, ರಕ್ತ ಹೋಗುವುದು, ಹೊಟ್ಟೆಯಲ್ಲಿ ಮಗುವಿನ ಮಿಸುಕಾಟ ಕಡಿಮೆಯಾಗುವುದು, ಇವು ವಿಶ್ರಾಂತಿಯಿಂದ ಸರಿಹೋಗುವ ಸುಸ್ತಿನ ಲಕ್ಷಣಗಳಲ್ಲ. ತಡಮಾಡದೆ 108ಕ್ಕೆ ಕರೆ ಮಾಡಿ. ಮೈಸೂರಿನ ಚೆಲುವಾಂಬ ಆಸ್ಪತ್ರೆ, ಮಂಡ್ಯದ ಮಿಮ್ಸ್ ಆಸ್ಪತ್ರೆಗಳಲ್ಲಿ ಹೆರಿಗೆ ವಿಭಾಗಗಳಿವೆ. ಎರಡು ವಾರ ಕಳೆದರೂ ಯಾವುದರಲ್ಲೂ ಮನಸ್ಸಿಲ್ಲದೆ ಅಳು ಉಕ್ಕುತ್ತಿದ್ದರೆ, ಮಗುವಿನ ಮೇಲೂ ಅಕ್ಕರೆ ಬಾರದಂತಾಗಿದ್ದರೆ, ಅದಕ್ಕೂ ಚಿಕಿತ್ಸೆಯಿದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಗೆ ಕನ್ನಡದಲ್ಲೇ ಮಾತನಾಡಬಹುದು.

ಕೊನೆಯ ತಿಂಗಳುಗಳಿಗಾಗಿ ಒಂದು ಏರ್ಪಾಡನ್ನು ಏಳನೆಯ ತಿಂಗಳಲ್ಲೇ ಆರಂಭಿಸಿ. ದೊಡ್ಡ ಮಗು ವಾರಕ್ಕೆ ಎರಡು ಮೂರು ರಾತ್ರಿ ಅಜ್ಜಿಯ ಜೊತೆಗೋ ಅಪ್ಪನ ಜೊತೆಗೋ ಮಲಗಲಿ. ಮೊದಲ ಕೆಲವು ರಾತ್ರಿ ಅಳಬಹುದು, ಆಗ ಅವರೇ ಎದ್ದು ಸಮಾಧಾನ ಮಾಡಲಿ, ನೀವು ಏಳಬೇಡಿ. ಹೀಗೆ ರೂಢಿಯಾದರೆ ಆ ರಾತ್ರಿಗಳಲ್ಲಿ ನಿಮಗೆ ತುಸು ಹೆಚ್ಚು ನಿದ್ದೆ ದಕ್ಕುತ್ತದೆ, ಅಪರಾತ್ರಿಯಲ್ಲಿ ನೋವು ಕಾಣಿಸಿಕೊಂಡು ಆಸ್ಪತ್ರೆಗೆ ಹೊರಡಬೇಕಾದಾಗಲೂ ಮಗು ಯಾರ ಬಳಿ ಇರಬೇಕೆಂಬ ಚಿಂತೆ ಇರುವುದಿಲ್ಲ.